ಸಂತ್ರಸ್ತೆ ಊರಿಗೆ ಮರಳಿದರೆ ಮಾನವ ಕಳ್ಳಸಾಗಣೆ ಕೇಸು ನಿಲ್ಲುತ್ತದೆಯೇ?

ಸಂತ್ರಸ್ತೆ ಪಶ್ಚಿಮ ಬಂಗಾಳಕ್ಕೆ ಮರಳಿದ್ದಾಳೆ, ಬೆಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ಕೇಸು ನಿಲ್ಲುತ್ತದಾ ಎಂದು ಕೇಳಿದ್ದೀರಿ. ನಿಲ್ಲಬಹುದು, ಆದರೆ ತಯಾರಿ ಈಗಲೇ ಶುರುವಾಗಬೇಕು. ಆಕೆ ಬೆಂಗಳೂರಿಗೆ ಬರಲೇಬೇಕೆಂದಿಲ್ಲ. ಅಲ್ಲಿನ ಜಿಲ್ಲಾ ನ್ಯಾಯಾಲಯದಿಂದ ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸಲು ಅರ್ಜಿ ಹಾಕಿ, ಬಂಗಾಳಿ ದುಭಾಷಿಯನ್ನೂ ಅದರಲ್ಲೇ ಕೇಳಿಕೊಳ್ಳಿ. ದುಭಾಷಿ ಇಲ್ಲದೆ ದಿನಾಂಕ ಮುಂದೆ ಹೋದರೆ ಲಾಭ ಆರೋಪಿಗೇ.

ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟ ಹೇಳಿಕೆ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಿಎನ್‌ಎಸ್‌ಎಸ್, 183ನೇ ಕಲಮು) ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಅದೊಂದರ ಮೇಲೆಯೇ ಶಿಕ್ಷೆ ಆಗುವುದಿಲ್ಲ. ಆಕೆ ಕೋರ್ಟಿನಲ್ಲಿ ಮಾತು ಬದಲಿಸಿ ತಿರುಗಿಬಿದ್ದರೆ ಆ ಹೇಳಿಕೆ ಪಾಟೀಸವಾಲಿಗಷ್ಟೇ ಒದಗುತ್ತದೆ. ಹಾಗಾಗಿ ಲಾಡ್ಜ್ ರಿಜಿಸ್ಟರ್, ರೈಲು ಟಿಕೆಟ್, ಯುಪಿಐ ಪಾವತಿ, ಕರೆ ವಿವರಗಳನ್ನು ಒಂದು ಸರಪಳಿಯಾಗಿ ಜೋಡಿಸಿ. ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ 'ಎ' ಭಾಗ ಮಾತ್ರ ತುಂಬಿ, ತಜ್ಞರ 'ಬಿ' ಭಾಗ ಖಾಲಿ ಬಿಟ್ಟಿದ್ದಾರೆಯೇ ಎಂದು ತನಿಖಾಧಿಕಾರಿಯ ಕಡತದಲ್ಲಿ ಮೊದಲು ನೋಡಿ.

ಆಕೆಯ ವಯಸ್ಸು ಸಾಬೀತುಪಡಿಸಲು ಶಾಲಾ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪತ್ರ, ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ. ಮೂಳೆ ಪರೀಕ್ಷೆ ಕೊನೆಯದು. 'ಒಪ್ಪಿಯೇ ಬಂದಳು' ಎಂಬ ವಾದ ಬಂದೇ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಮಾನವ ಕಳ್ಳಸಾಗಣೆ ಕಲಮು 143ರ ವಿವರಣೆಯ ಪ್ರಕಾರ ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕಿಲ್ಲ. ಕೃತ್ಯ ಬಿಎನ್‌ಎಸ್ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 370 ಹಾಕಬೇಕು, ದೋಷಾರೋಪದಲ್ಲಿ ಅದನ್ನೂ ಪರಿಶೀಲಿಸಿ.