ಹೊಸ ಹೇಂಟೆಗಳನ್ನು ಇವತ್ತು ರಾತ್ರಿಯೇ ಬೇರೆ ಮಾಡಿ ಅಕ್ಕ, ಜಗಳದ ವಿಷಯ ಆಮೇಲೆ ನೋಡುವ

ಅಕ್ಕ, ಹೊಸ ಕೋಳಿಗಳ ಮೇಲೆ ಹಳೆಯವು ಜಗಳ ಮಾಡುತ್ತವೆ, ಎಂತ ಮಾಡುವುದು ಅಂತ ಕೇಳಿದ ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸುರತ್ಕಲ್‌ನಲ್ಲಿ ಹತ್ತು ಸೆಂಟ್ಸ್ ಜಾಗ, ಗ್ರಾಮಪ್ರಿಯ ತಳಿಯ ಎರಡು ವರ್ಷದ ಆರು ಹೇಂಟೆ. ಶನಿವಾರ ನಾಲ್ಕು ತಿಂಗಳಿನ ನಾಲ್ಕು ಹೊಸ ಹೇಂಟೆ ತಂದು ನೇರ ಗೂಡಿಗೇ ಬಿಟ್ಟಿದ್ದೀರಿ. ಈಗ ಒಂದರ ತಲೆಯಲ್ಲಿ ರಕ್ತ, ಇನ್ನೊಂದು ನೀರಿನ ಡ್ರಮ್ಮಿನ ಹಿಂದಿನಿಂದ ಹೊರಗೇ ಬರುತ್ತಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಮೇಲೆ ಮೂರ್ನಾಲ್ಕು ಜನ "ರಾತ್ರಿ ಕತ್ತಲಲ್ಲಿ ಬಿಡಿ, ಬೆಳಿಗ್ಗೆ ಎಲ್ಲ ಒಂದಾಗಿರ್ತವೆ" ಅಂತ ಬರೆದಿದ್ದಾರೆ. ಅದು ಅರ್ಧ ಸರಿ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹಾಗಾಗಿ ರಾತ್ರಿ ಜಗಳ ಇಲ್ಲ. ಆದರೆ ಅವು ಒಂದನ್ನೊಂದು ಗುರುತು ಹಿಡಿಯುವುದೇ ಮುಖ, ಜುಟ್ಟು ನೋಡಿ. ಬೆಳಕು ಹರಿದ ಕೂಡಲೇ ಗೊತ್ತಾಗುತ್ತದೆ, ಇದು ನಮ್ಮದಲ್ಲ ಅಂತ. ಆಗ ನೀವು ಇನ್ನೂ ಹಾಸಿಗೆಯಲ್ಲಿರುತ್ತೀರಿ, ಗೂಡಿನ ಬಾಗಿಲು ಹಾಕಿರುತ್ತದೆ, ಹೊಸದಕ್ಕೆ ಓಡಲು ಜಾಗ ಇಲ್ಲ.

ಜಗಳ ಕಣ್ಣಿಗೆ ಕಾಣುತ್ತದೆ, ಹಾಗಾಗಿ ನಮಗೆ ಅದರದ್ದೇ ಚಿಂತೆ. ನನಗೆ ಹೆದರಿಕೆ ಕಾಣದ್ದರ ಬಗ್ಗೆ. ನಮ್ಮದು ಹಿರಿಯಡ್ಕದ ಹತ್ತಿರ. ಕೆಲವು ವರ್ಷದ ಹಿಂದೆ ನಾನೂ ಒಂದು ಸಂತೆಯಿಂದ ಮೂರು ಹೇಂಟೆ ತಂದು ಅದೇ ಸಂಜೆ ಹಳೆಯ ಒಂಬತ್ತರ ಜೊತೆ ಬಿಟ್ಟೆ. ನೋಡಲಿಕ್ಕೆ ಚಂದ ಇದ್ದವು ಮಾರಾಯ್ರೆ, ಗರಿ ಹೊಳೆಯುತ್ತಿತ್ತು. ನಾಲ್ಕನೇ ದಿನ ಒಂದು ಸೀನಿತು. ಧೂಳಿರಬೇಕು ಅಂದುಕೊಂಡೆ. ಆರನೇ ದಿನ ಹಳೆಯ ಒಂದರ ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆಯ ಹಾಗೆ ಗುಳ್ಳೆ, ಮರುದಿನ ಆ ಬದಿಯ ಮುಖವೇ ಊದಿ ಕಣ್ಣು ಮುಚ್ಚಿತ್ತು. ಗೂಡಿನ ಬಾಗಿಲು ತೆಗೆದರೆ ಕೊಳೆತ ವಾಸನೆ. ಪಶುವೈದ್ಯರು ನೋಡಿದ ಕೂಡಲೇ ಹೇಳಿದರು, ಇದು ಕೊರೈಜಾ, ಕೋಳಿಯ ನೆಗಡಿ. ಕುಡಿಯುವ ನೀರಿಗೆ ಔಷಧ ಕೊಟ್ಟರು, ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನುವ ಹಾಗಿಲ್ಲ ಅಂದರು. ತಿನ್ನುವುದಕ್ಕೆ ಮೊಟ್ಟೆ ಇದ್ದರಲ್ವಾ! ದಿನಕ್ಕೆ ಆರು ಬರುತ್ತಿದ್ದದ್ದು ಒಂದಕ್ಕೆ ಇಳಿದಿತ್ತು. ಸತ್ತದ್ದು ಒಂದೇ. ಆದರೆ ಗುಣವಾದ ಕೋಳಿಯ ಮೈಯಲ್ಲೂ ಆ ರೋಗಾಣು ಉಳಿಯುತ್ತದೆ, ಹೊಸತಾಗಿ ಬಂದದ್ದಕ್ಕೆ ಅದರಿಂದ ಹಿಡಿಯುತ್ತದೆ. ಹಾಗಾಗಿ ಆ ಗುಂಪು ಮುಗಿಯುವ ತನಕ ನಾನು ಬೇರೆ ಕೋಳಿ ತರಲಿಲ್ಲ.

ನಿಮ್ಮದು ಎರಡು ದಿನ ಒಟ್ಟಿಗೇ ಇದ್ದವು. ಹರಡುವುದು ಏನಾದರೂ ಇದ್ದರೆ ಹಳೆಯದಕ್ಕೂ ತಗುಲಿರಬಹುದು. ಆದರೂ ಬೇರೆ ಮಾಡಿ. ಒಂದು, ಗಾಯ ನಿಲ್ಲುತ್ತದೆ. ಇನ್ನೊಂದು, ಯಾವುದು ಮೊದಲು ಸೊರಗಿತು ಅಂತ ತಿಳಿಯುತ್ತದೆ. ಹತ್ತು ಸೆಂಟ್ಸಲ್ಲಿ ಎಷ್ಟು ದೂರ ಇಡುವುದು ಅಂತ ಕೇಳಬೇಡಿ. ಮನೆಯ ಆಚೆ ಬದಿ, ಕಟ್ಟಿಗೆ ಇಡುವ ಮಾಡಿನ ಕೆಳಗೆ, ಮಳೆ ಬೀಳದ ಜಾಗ ಸಾಕು. 4 ವಾರ ಇಡಿ. ತೀರಾ ಆಗದಿದ್ದರೆ 3. ನೀರಿನ ಪಾತ್ರೆ, ಕಾಳಿನ ಪಾತ್ರೆ ಬೇರೆ. ಬೆಳಿಗ್ಗೆ ಹಳೆಯದರ ಕೆಲಸ ಮೊದಲು, ಹೊಸದರದ್ದು ಕೊನೆಗೆ. ಅಲ್ಲಿಗೆ ಹೋಗಲು ಬೇರೆ ಚಪ್ಪಲಿ ಇಡಿ. ಚಪ್ಪಲಿ ಅಂದರೆ ಜನ ನಗುತ್ತಾರೆ, ಆದರೆ ಹಿಕ್ಕೆ ಊರೆಲ್ಲ ತಿರುಗುವುದು ಅದರ ಅಡಿಯಲ್ಲೇ.

ಹಿಡಿಯುವಾಗಲೇ ಒಂದೊಂದನ್ನೂ ನೋಡಿಬಿಡಿ. ರಾತ್ರಿ ಟಾರ್ಚ್ ಹಿಡಿದು ಮಡಿಲಲ್ಲಿ ಕೂರಿಸಿಕೊಂಡರೆ ಸುಮ್ನೆ ಕೂರುತ್ತವೆ. ಕಿವಿ ಹತ್ತಿರ ಇಟ್ಟು ಉಸಿರು ಕೇಳಿ, ಗೊರಗೊರ ಇರಬಾರದು. ಎದೆಯ ನಡುವಿನ ಎಲುಬು ಮುಟ್ಟಿ, ಕತ್ತಿಯ ಬಾಯಿಯ ಹಾಗೆ ಚೂಪಾಗಿದ್ದರೆ ಸೊರಗಿದೆ ಅಂತ. ಬಾಲದ ಕೆಳಗೆ ಗರಿ ಬಿಡಿಸಿ ನೋಡಿ, ಗರಿಯ ಬುಡದಲ್ಲಿ ಬಿಳಿ ಹರಳಿನ ಹಾಗೆ ಅಂಟಿಕೊಂಡಿದ್ದರೆ ಅದು ಹೇನಿನ ಮೊಟ್ಟೆ. ಬಚ್ಚಲ ಒಲೆಯ ಬೂದಿ, ಒಣ ಮಣ್ಣು ಸೇರಿಸಿ ಒಂದು ಹಳೆ ಬುಟ್ಟಿಯಲ್ಲಿಡಿ, ಹೊರಳಾಡಿಕೊಳ್ಳುತ್ತವೆ. ಹೇನು ಜಾಸ್ತಿ ಇದ್ದರೆ ಮಾತ್ರ ಔಷಧ. ಕಾಲಿನ ಚಕ್ಕೆ ಎದ್ದು ದೊರಗಾಗಿದ್ದರೆ ಅದೂ ಒಂದು ಸಣ್ಣ ಹುಳದ ಕೆಲಸ, ವಾರಕ್ಕೆ ಎರಡು ಸಲ ಎಣ್ಣೆ ಹಚ್ಚಿದರೆ ಹೋಗುತ್ತದೆ.

ರಕ್ತ ಬಂದದ್ದನ್ನು ಉಳಿದ ಮೂರರ ಜೊತೆಗೂ ಬಿಡಬೇಡಿ, ಅವುಗಳೂ ಕುಕ್ಕುತ್ತವೆ. ಕೋಳಿಗೆ ಕೆಂಪು ಕಂಡರೆ ಕುಕ್ಕದೆ ಇರಲಿಕ್ಕಾಗದು. ಬಿಸಿ ಮಾಡಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಅರಶಿನ ಹುಡಿ ಕಲಸಿದ ತೆಂಗಿನೆಣ್ಣೆ ಹಚ್ಚಿ. ಮಳೆಗಾಲದಲ್ಲಾದರೆ ನೊಣ ಕೂತು ಹುಳ ಆಗುತ್ತದೆ, ಅದಕ್ಕೆ ಪಶು ಔಷಧದ ಅಂಗಡಿಯಲ್ಲಿ ಸ್ಪ್ರೇ ಸಿಗುತ್ತದೆ.

ಲಸಿಕೆ ಬಗ್ಗೆ ಮಾರಿದವರು "ಎಲ್ಲ ಆಗಿದೆ" ಅಂತಲೇ ಹೇಳುವುದು. ಯಾವುದು, ಯಾವಾಗ ಅಂತ ಕೇಳಿ. ರಾಣಿಖೇತ್‌ಗೆ, ಕೊಕ್ಕರೆ ರೋಗ ಅಂತಾರಲ್ಲ ಅದಕ್ಕೆ, ಮರಿಯಲ್ಲಿ ಹನಿ ಹಾಕಿರುತ್ತಾರೆ. 8 ವಾರ ದಾಟಿದ ಮೇಲೆ ಅದೇ ರೋಗಕ್ಕೆ ಆರ್‌ಟುಬಿ ಅಂತ ಚುಚ್ಚುವ ಲಸಿಕೆ ಬೇರೆಯೇ ಉಂಟು. ಅದು ಆಗಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಈ ನಾಲ್ಕು ವಾರದಲ್ಲೇ ಮುಗಿಸಿ. ಮೊದಲು ಜಂತುಹುಳಕ್ಕೆ ಔಷಧ, ಒಂದು ವಾರ ಬಿಟ್ಟು ಲಸಿಕೆ. ಹುಷಾರಿಲ್ಲದ ಕೋಳಿಗೆ ಹಾಕಿಸಬೇಡಿ. ನಮ್ಮಂಥವರ ಕಷ್ಟ ಎಂತ ಅಂದರೆ, ಒಂದು ಶೀಶೆಯಲ್ಲಿ 100 ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಾವು ಐದು ಮನೆಯವರು ಒಂದೇ ಸಂಜೆಗೆ ಇಟ್ಟುಕೊಳ್ಳುತ್ತೇವೆ. ಐಸ್ ಹಾಕಿದ ಫ್ಲಾಸ್ಕ್ ಹಿಡಿದು ಮನೆಯಿಂದ ಮನೆಗೆ, ಕೊನೆಗೆ ಒಬ್ಬರ ಮನೆಯಲ್ಲಿ ಚಹಾ.

ನಾಲ್ಕನೇ ವಾರದಲ್ಲಿ ಒಂದು ಉಪಾಯ ಉಂಟು. ಹಳೆಯದರಲ್ಲಿ ಒಂದನ್ನು, ಸ್ವಲ್ಪ ಮೆತ್ತಗಿನದ್ದನ್ನು, ತೆಗೆದು ಹೊಸದರ ಜೊತೆ ಬಿಡಿ. ಒಂದು ವಾರ ಎಲ್ಲವೂ ಸರಿ ಇದ್ದರೆ ಧೈರ್ಯವಾಗಿ ಮುಂದೆ ಹೋಗಬಹುದು. ಅದು ಸೀನಿದರೆ ಹಾಳಾಗುವುದು ಒಂದೇ, ಆರಲ್ಲ. ಆಮೇಲೆ ಅದು ಹೊಸದರ ಪರಿಚಯದವಳಾಗಿಯೂ ಇರುತ್ತದೆ.

ಆಮೇಲೆ ಬಲೆ. ಗೂಡಿನ ಪಕ್ಕದಲ್ಲೇ ಅಡ್ಡ ಕಟ್ಟಿ 7ರಿಂದ 10 ದಿನ ಇಡಬೇಕು, ನೋಡಲಿ, ಆದರೆ ಕುಕ್ಕಲಿಕ್ಕೆ ಸಿಗಬಾರದು. ಮಲ್ಪೆ ಕಡೆಯ ಹಳೆ ಮೀನುಬಲೆ ಅಗ್ಗಕ್ಕೆ ಸಿಗುತ್ತದೆ, ಗಿಡುಗ ಬಾರದ ಹಾಗೆ ಮೇಲೆ ಹಾಕಲು ಅದು ಒಳ್ಳೆಯದೇ. ನೆಲದ ಹತ್ತಿರ ಮಾತ್ರ ಬೇಡ. ಕೋಳಿಯ ಉಗುರು ಸಿಕ್ಕಿಕೊಳ್ಳುತ್ತದೆ, ಹಾವೂ ಸಿಕ್ಕಿಹಾಕಿಕೊಂಡು ಒದ್ದಾಡುತ್ತದೆ. ಕೆಳಗಿನ ಎರಡಡಿ ಕಬ್ಬಿಣದ ಬಲೆ ಹಾಕಿ. ಕಾಳು ಬಲೆಯ ಈಚೆಗೂ ಆಚೆಗೂ ಹತ್ತಿರ ಹತ್ತಿರ ಹಾಕಿ, ಎದುರುಬದುರು ನಿಂತು ತಿನ್ನಲಿ.

ಬಲೆ ತೆಗೆಯುವ ದಿನ ಸಂಜೆ ಐದು ಗಂಟೆಗೆ ತೆಗೆಯಿರಿ. ಕತ್ತಲಾಗಲು ಸ್ವಲ್ಪವೇ ಹೊತ್ತು, ಎಲ್ಲದಕ್ಕೂ ತಿಂದು ಮಲಗುವ ಗಡಿಬಿಡಿ. ಮರುದಿನ ನಾಲ್ಕಕ್ಕೆ. ಹೀಗೆ ದಿನಾ ಬೇಗ ಮಾಡುತ್ತಾ ಹೋಗಿ. ನಿಮ್ಮ ಅಂಗಳದ ಫೋಟೊ ನೋಡಿದೆ, ಬೋಳಾಗಿದೆ, ಒಂದು ಮೂಲೆಯಲ್ಲಿ ಒಂದೇ ಪಾತ್ರೆ. ಗಟ್ಟಿಗಿತ್ತಿ ಒಂದು ಅಲ್ಲಿ ನಿಂತರೆ ಮುಗಿಯಿತು. ಮೂರು ಕಡೆ ಇಡಿ, ಅಡಕೆ ಹಾಳೆಯನ್ನೇ ತಟ್ಟೆ ಮಾಡಿ. ಎರಡು ತೆಂಗಿನ ಮಡಲು ಗೋಡೆಗೆ ಓರೆಯಾಗಿ ನಿಲ್ಲಿಸಿ, ಓಡಿದ್ದು ಅದರ ಹಿಂದೆ ಹೋದರೆ ಅಟ್ಟಿಸಿಕೊಂಡು ಬಂದದ್ದಕ್ಕೆ ಕಾಣುವುದಿಲ್ಲ, ಅಲ್ಲಿಗೆ ಬಿಟ್ಟುಬಿಡುತ್ತದೆ. ಹಿಂದಿನಿಂದಲೂ ಹೊರಗೆ ಹೋಗಲು ದಾರಿ ಇರಲಿ. ಹತ್ತು ಹೇಂಟೆಗೆ ಕೂರುವ ಕೋಲು ಏಳೆಂಟು ಅಡಿ ಬೇಕು, ಮೊಟ್ಟೆ ಇಡುವ ಪೆಟ್ಟಿಗೆ ಮೂರು.

ಎದೆ ಉಬ್ಬಿಸಿ ನಿಲ್ಲುವುದು, ತಲೆಗೊಂದು ಕುಕ್ಕುವುದು, ನಾಲ್ಕು ಹೆಜ್ಜೆ ಓಡಿಸುವುದು, ಇದಕ್ಕೆಲ್ಲ ನಡುವೆ ಹೋಗಬೇಡಿ. ಹತ್ತಾರು ದಿನ ಇದ್ದೇ ಇರುತ್ತದೆ. ಕೆಳಗೆ ಬಿದ್ದದ್ದನ್ನು ಬಿಡದೆ ಕುಕ್ಕಿದರೆ, ಎರಡು ಮೂರು ಸೇರಿ ಒಂದನ್ನೇ ಹಿಡಿದರೆ, ರಕ್ತ ಬಂದರೆ ಮಾತ್ರ ಹೋಗಿ. ಆಗ ಪೆಟ್ಟು ತಿಂದದ್ದನ್ನಲ್ಲ, ಕೊಟ್ಟದ್ದನ್ನು ತೆಗೆದು ಮೂರು ನಾಲ್ಕು ದಿನ ಕಣ್ಣಿಗೆ ಕಾಣದ ಕಡೆ ಇಡಿ. ವಾಪಸ್ ಬರುವಾಗ ಅದೇ ಹೊಸಬಳಾಗಿರುತ್ತದೆ. ಮತ್ತೆ, ರಾತ್ರಿ ಹೊಸದರ ಕುತ್ತಿಗೆ ಕೆಳಗಿನ ಕಾಳಿನ ಚೀಲ ಮುಟ್ಟಿ ನೋಡಿ. ಲಿಂಬೆಹಣ್ಣಿನಷ್ಟು ದಪ್ಪಗೆ ಸಿಕ್ಕಿದರೆ ತಿಂದಿದೆ. ಚಪ್ಪಟೆಯಾಗಿದ್ದರೆ ಹಗಲಿಡೀ ಹತ್ತಿರ ಬಿಟ್ಟಿಲ್ಲ ಅಂತ ಲೆಕ್ಕ.

ಇನ್ನು ಆಹಾರ. ನಾಲ್ಕು ತಿಂಗಳಿನದಕ್ಕೆ ಮೊಟ್ಟೆ ಕೋಳಿಯ ಲೇಯರ್ ಹುಡಿ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ 3.5ರಿಂದ 4 ಶೇಕಡಾ ಇರುತ್ತದೆ, ಇನ್ನೂ ಮೊಟ್ಟೆ ಇಡದ್ದಕ್ಕೆ 1 ಶೇಕಡಾ ಸಾಕು, ಜಾಸ್ತಿ ಆದದ್ದು ಕಿಡ್ನಿಗೆ ಹೊರೆ. ಒಟ್ಟಿಗೆ ಬಿಟ್ಟ ಮೇಲೆ ಯಾವುದು ಯಾರ ಪಾತ್ರೆಯಿಂದ ತಿನ್ನುತ್ತದೆ ಅಂತ ಕಾಯಲಿಕ್ಕಾಗುತ್ತದಾ? ಎಲ್ಲದಕ್ಕೂ ಬೆಳೆಯುವ ಕೋಳಿಯ ಗ್ರೋವರ್ ಹುಡಿ ಹಾಕಿ, ಸುಣ್ಣಕ್ಕೆ ಪಕ್ಕದಲ್ಲಿ ಮರ್ವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು, ಒಣಗಿಸಿ ಕುಟ್ಟಿ ಬೇರೆ ಗೆರಟೆಯಲ್ಲಿಡಿ. ಮೊಟ್ಟೆ ಇಡುವುದು ಅದನ್ನು ಹುಡುಕಿ ತಿನ್ನುತ್ತದೆ. ಎಲ್ಲವೂ ಇಡಲು ಶುರು ಮಾಡಿದ ಮೇಲೆ ಲೇಯರ್‌ಗೆ ಬನ್ನಿ. ನಡುವೆ ಹಳೆಯವು ಒಂದು ವಾರ ಮೊಟ್ಟೆ ನಿಲ್ಲಿಸಬಹುದು, ಗಾಬರಿ ಬೇಡ.

ಒಂದು ಮಾತು ಮರೆತಿದ್ದೆ. ಹೊಸದು ಸಂಜೆ ಗೂಡಿಗೇ ಬರುತ್ತದೆ ಅಂತ ನಂಬಬೇಡಿ, ಮೊದಲ ಎರಡು ವಾರ ಎಣಿಸಿ ಬಾಗಿಲು ಹಾಕಿ. ನಮ್ಮಲ್ಲಿ ಒಂದು ಕೆಂಪುಕಲ್ಲಿನ ಕಾಂಪೌಂಡಿನ ಮೇಲೆಯೇ ಮಲಗಿತ್ತು, ನಾನು ನೋಡಲಿಲ್ಲ. ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಹೆಬ್ಬಾವು, ಹೊಟ್ಟೆ ದಪ್ಪಗೆ, ಹಿಂದೆಯೂ ಹೋಗದೆ ಮುಂದೆಯೂ ಬಾರದೆ ಸುಮ್ನೆ ಬಿದ್ದಿತ್ತು. ಹೊರಗೆ ಎರಡು ಬಿಳಿ ಗರಿ.

ಆ ರಕ್ತ ಬಂದದ್ದರ ತಲೆಯ ಫೋಟೊ ನಾಳೆ ಬೆಳಿಗ್ಗೆ ಹತ್ತಿರದಿಂದ ತೆಗೆದು ಹಾಕಿ. ಬರೀ ಗಾಯವಾ, ಕಣ್ಣಿನ ಹತ್ತಿರ ಊದಿದೆಯಾ ಅಂತ ನೋಡುವ. ಊದಿದ್ದರೆ ಇಲ್ಲಿ ಯಾರ ಉತ್ತರಕ್ಕೂ ಕಾಯಬೇಡಿ, ನೇರ ಪಶು ಆಸ್ಪತ್ರೆಗೆ ಹೋಗಿ.