ಸುಣ್ಣಕಲ್ಲಿನ ಬೆಟ್ಟಕ್ಕೆ ನೀರು ಹೊತ್ತೇ ಹೋಗಿ

ಪ್ರಶ್ನೆ: ಕೆಲಸಕ್ಕೆಂದು ಯುಎಇಯ ರಾಸ್ ಅಲ್ ಖೈಮಾಕ್ಕೆ ಬಂದು ಆರು ತಿಂಗಳಾಯಿತು. ಊರಲ್ಲಿದ್ದಾಗ ಕುಮಾರ ಪರ್ವತ, ಕುದುರೆಮುಖ ಎರಡನ್ನೂ ಹತ್ತಿದ್ದೇನೆ. ಇಲ್ಲಿನ ಹಜರ್ ಬೆಟ್ಟಗಳು ಕಿಟಕಿಯಿಂದಲೇ ಕಾಣುತ್ತವೆ. ಎರಡು ಲೀಟರ್ ನೀರು ಹಿಡಿದು ಒಬ್ಬನೇ ಹೋಗಿಬರಬಹುದಾ?
— ಉಡುಪಿ ಕಡೆಯ ಓದುಗರು

ಉತ್ತರ: ಒಬ್ಬರೇ ಬೇಡ, ಎರಡು ಲೀಟರೂ ಸಾಲದು. ಕುದುರೆಮುಖದಲ್ಲಿ ಬಾಟಲಿ ಖಾಲಿಯಾದರೆ ಮುಂದಿನ ಹಳ್ಳದಲ್ಲಿ ತುಂಬಿಸಿಕೊಳ್ಳುತ್ತಿದ್ದಿರಿ, ಅಲ್ವಾ? ಆ ನಂಬಿಕೆಯನ್ನು ಮೊದಲು ಬಿಡಿ. ರಾಸ್ ಅಲ್ ಖೈಮಾದಿಂದ ಉತ್ತರಕ್ಕೆ, ಒಮಾನಿನ ಮುಸಂದಮ್ ಕಡೆಗೆ ಹೋಗುವ ಬೆಟ್ಟಗಳು ಹೆಚ್ಚಿನವು ಸುಣ್ಣಕಲ್ಲಿನವು. ಬೀಳುವುದೇ ಸ್ವಲ್ಪ ಮಳೆ, ಅದೂ ಬಿರುಕುಗಳಲ್ಲಿ ಒಳಗಿಳಿದುಬಿಡುತ್ತದೆ. ದಾರಿಯಲ್ಲಿ ಮರದ ನೆರಳೂ ಇಲ್ಲ, ಬಿಳಿಚಿದ ಕಲ್ಲಿಗೆ ಬಿದ್ದ ಬಿಸಿಲು ವಾಪಸ್ ಮುಖಕ್ಕೇ ಹೊಡೆಯುತ್ತದೆ. ಇಡೀ ದಿನದ ನಡಿಗೆಗೆ ತಲೆಗೆ ನಾಲ್ಕೈದು ಲೀಟರ್ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಮುಗಿಯುವ ಮೊದಲೇ, ತುದಿ ಎಷ್ಟೇ ಹತ್ತಿರ ಕಂಡರೂ, ತಿರುಗಿ ಇಳಿಯಿರಿ.

ಹಾಗಂತ ಅಲ್ಲಿ ಜನ ಬದುಕಿರಲಿಲ್ಲ ಅಂತಲ್ಲ. ಶಿಹೂ ಎಂಬ ಬುಡಕಟ್ಟಿನ ಜನ ಈ ಬೆಟ್ಟಗಳಲ್ಲೇ ಕಲ್ಲು ಕಟ್ಟಿ ಸಣ್ಣ ಗದ್ದೆಗಳನ್ನು ಮಾಡಿ ಗೋಧಿ, ಬಾರ್ಲಿ ಬೆಳೆದರು, ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟರು. ನೆಲಮಟ್ಟಕ್ಕಿಂತ ತಗ್ಗಿಸಿ ಕಟ್ಟಿದ ದಪ್ಪ ಕಲ್ಲಿನ ಮನೆಗಳೂ ಅಲ್ಲಿವೆ. ಧಾನ್ಯ ಒಳಗಿಟ್ಟು ಬೀಗ ಹಾಕಿ ಬೇಸಿಗೆಗೆ ಕರಾವಳಿಗೆ ಇಳಿಯುತ್ತಿದ್ದರು. ಅವುಗಳ ಗೋಡೆ ಹತ್ತಬೇಡಿ, ಕಲ್ಲು ಕೀಳಬೇಡಿ.

ಶೂ ಗಟ್ಟಿಯಾಗಿರಲಿ, ಕೈಗೆ ಗ್ಲೌಸ್ ಇರಲಿ. ಈ ಕಲ್ಲಿನ ಅಂಚು ತುರಿಮಣೆಯ ಹಲ್ಲಿನ ಹಾಗೆ, ಜಾರಿ ಅಂಗೈ ಊರಿದರೆ ಸಿಪ್ಪೆ ಸುಲಿದಂತೆ ಸುಲಿಯುತ್ತದೆ. ದಣಿದು ಕೂತಾಗ ಅದೇ ಕಲ್ಲನ್ನು ಹತ್ತಿರದಿಂದ ನೋಡಿ, ಕೆಲವು ಕಡೆ ಚಿಪ್ಪಿನ ಗುರುತು ಕಾಣುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಇದೆಲ್ಲ ಸಮುದ್ರದ ತಳ. ನಿಮ್ಮ ಕಡೆ ಚಿಪ್ಪು ಸುಟ್ಟು ಎಲೆಯಡಿಕೆಗೆ ಸುಣ್ಣ ಮಾಡುತ್ತಾರಲ್ಲ, ಆ ಚಿಪ್ಪಿನಲ್ಲಿರುವುದೇ ಇಲ್ಲಿ ಬೆಟ್ಟವಾಗಿ ನಿಂತಿದೆ. ನನಗಂತೂ ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು. ಹವಾಮಾನದವರು ಮಳೆ ಅಂದ ದಿನ ವಾದಿಗೆ, ಅಂದರೆ ಆ ಒಣ ಕಣಿವೆಗೆ, ಇಳಿಯಲೇಬೇಡಿ. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರುವಾಗಲೇ ಮೇಲೆಲ್ಲೋ ಸುರಿದ ಜೋರು ಮಳೆ ಬೋಳು ಬಂಡೆಗಳ ಮೇಲಿಂದ ಜಾರಿ, ಕಲ್ಲು ಮಣ್ಣು ಎಳೆದುಕೊಂಡು ಒಮ್ಮೆಲೇ ಬಂದುಬಿಡುತ್ತದೆ.

ಪ್ರಶ್ನೆ: ಮಕ್ಕಳನ್ನು ಜೆಬೆಲ್ ಜೈಸ್‌ಗೆ ಕರೆದುಕೊಂಡು ಹೋಗಬಹುದಾ?
— ದುಬೈಯಿಂದ ಒಬ್ಬ ತಾಯಿ

ಉತ್ತರ: ಖಂಡಿತ. ಹಜರ್ ಸಾಲಿನಲ್ಲೇ ಸುಮಾರು 1,900 ಮೀಟರ್ ಎತ್ತರದ ಬೆಟ್ಟ, ಆದರೆ ಬಹಳ ಮೇಲಿನವರೆಗೆ ಟಾರು ರಸ್ತೆ ಇದೆ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಕೆಳಗೆ ಸೆಕೆ ಇದ್ದರೂ ಸ್ವೆಟರ್ ಮರೆಯಬೇಡಿ, 2009ರ ಜನವರಿಯಲ್ಲಿ ಅಲ್ಲಿ ಹಿಮ ಬಿದ್ದಿತ್ತು. ಚಿಕ್ಕವರನ್ನು ಅಂಚಿಗೆ ಬಿಡಬೇಡಿ, ಕಲ್ಲು ಸಡಿಲ.