ಏಲಂ ಕೂಗುತ್ತಿದ್ದವರು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಬೋಟುಗಳು ಮೀನು ಇಳಿಸುವ ಮಂಗಳೂರಿನ ದಕ್ಕೆಯಲ್ಲಿ ಮೂವತ್ತು ವರ್ಷ ಮೀನಿನ ಏಲಂ ಕೂಗಿದವರು ಅವರು. ನನ್ನೆದುರು ಕುಳಿತಾಗ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಪ್ರಶ್ನೆ ಯಾರಿಗೆ ಕೇಳಿದರೂ ಉತ್ತರ ಮಗನದು. “ಗಂಟಲಿನ ಕ್ಯಾನ್ಸರ್ ಅಂತ ಅಪ್ಪನಿಗೆ ಗೊತ್ತುಂಟು. ಆಪರೇಷನ್ ಆದ್ರೆ ಸ್ವರ ಹೋಗ್ತದೆ ಅಂತ ಮಾತ್ರ ಹೇಳ್ಬೇಡಿ ಮೇಡಂ” ಎಂದು ಮೊದಲೇ ಫೋನ್ ಮಾಡಿದ್ದ. ಒಪ್ಪಿಗೆಗೆ ಸಹಿ ಹಾಕಬೇಕಾದವರಿಂದಲೇ ಅದನ್ನು ಮುಚ್ಚಿಡಲು ನನ್ನಿಂದಾಗದು ಎಂದಿದ್ದೆ.

ತಂದೆಯ ಕೈಗೆ ಕಾಗದ, ಪೆನ್ನು ಕೊಟ್ಟೆ. ಮೊದಲು ಬರೆದದ್ದೇ, “ಸ್ವರ ಹೋಗ್ತದಾ?”

“ಹೌದಣ್ಣ, ಈಗಿನ ಸ್ವರ ಹೋಗ್ತದೆ” ಎಂದೆ.

ತುಂಬಾ ಹೊತ್ತಿನ ಮೇಲೆ ಬರೆದರು: “ಕರೆಂಟು ಸಾಕು. ನೆರೆಮನೆಯವರು ಅದರಲ್ಲೇ ಗುಣ ಆದದ್ದು.”

ನೆರೆಮನೆಯವರ ಗಡ್ಡೆ ಇದ್ದದ್ದು ಸ್ವರತಂತುವಿನ ಮೇಲೆ. ರೋಗ ಹರಡಲು ದಾರಿಯಾಗುವ ದುಗ್ಧನಾಳಗಳು ಅಲ್ಲಿ ತೀರಾ ಕಡಿಮೆ. ರೋಗ ಬಹುಕಾಲ ಅಲ್ಲೇ ಉಳಿಯುತ್ತದೆ, ಸ್ವರ ಒಡೆದು ಬೇಗ ಸುಳಿವು ಕೊಡುತ್ತದೆ. ಅಂಥದ್ದಕ್ಕೆ ಇವರು ಕರೆಂಟು ಎನ್ನುವ ವಿಕಿರಣವೊಂದೇ ಸಾಕಾಗಬಹುದು. ಇವರದು ಸ್ವರತಂತುವಿನ ಮೇಲ್ಭಾಗದಲ್ಲಿ ಹುಟ್ಟಿದ್ದು. ಅಲ್ಲಿ ಆ ನಾಳಗಳು ದಟ್ಟ. ಹಾಗಾಗಿ ಸ್ವರ ಕೆಡುವ ಮೊದಲೇ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಈಗ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನೂ ಸೀಳಿ ಹೊರಬಂದಿದೆ. ಈ ಹಂತದಲ್ಲಿ ಕಿಮೋ, ಕರೆಂಟು ಕೊಟ್ಟು ಪೆಟ್ಟಿಗೆ ಉಳಿಸಿದರೂ ಅದು ನುಂಗಲು, ಉಸಿರಾಡಲು ಆಗದಂತೆ ಉಳಿಯಬಹುದು. ರೋಗ ಮರಳಿ ಆಗ ಆಪರೇಷನ್ ಮಾಡಬೇಕಾದರೆ ವಿಕಿರಣ ತಿಂದ ಮಾಂಸದಲ್ಲಿ ಗಾಯ ಸುಲಭಕ್ಕೆ ಕೂಡುವುದಿಲ್ಲ. ಸರ್ಜನರು ಮೊದಲು ಪೆಟ್ಟಿಗೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ, ಆಮೇಲೆ ಕರೆಂಟು ಎಂದದ್ದು ಇದಕ್ಕೇ. “ಕತ್ತಿ ತಾಗಿದ್ರೆ ಹರಡ್ತದಂತೆ” ಎಂಬ ಮಾತಿಗೆ ಹೆದರಿ ಎರಡು ತಿಂಗಳು ಕಳೆದಿದ್ದರು. ಹರಡಲು ಎಡೆ ಕೊಟ್ಟದ್ದು ಆ ಎರಡು ತಿಂಗಳು.

ಹೆಂಡತಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಗಂಡ, ಮಗ ಹೊರಗೆ ಹೋದ ಮೇಲೆ, “ನಾನು ಕಟ್ಟಿದ ಬೀಡಿಯನ್ನೇ ಅವರು ಎಳೆದದ್ದು ಮೇಡಂ” ಎಂದರು. ಬೀಡಿಗೂ ಈ ರೋಗಕ್ಕೂ ಸಂಬಂಧವಿಲ್ಲ ಎಂದು ಸಮಾಧಾನಕ್ಕಾದರೂ ಸುಳ್ಳು ಹೇಳಲಾರೆ. ಹೊಗೆ, ಜೊತೆಗೆ ಮದ್ಯ, ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದರೆ ಮಕ್ಕಳ ಶಾಲೆಯ ಫೀಸು ಬಂದದ್ದೂ ಬೀಡಿ ಕಟ್ಟುವ ಅದೇ ತಡ್ಪೆಯಿಂದ. “ಅಕ್ಕ, ನೀವು ಬೀಡಿ ಕಟ್ಟಿದ್ದು ಮನೆ ನಡೆಸಲಿಕ್ಕೆ. ಈ ತಪ್ಪನ್ನು ಒಬ್ಬರೇ ಹೊರಬೇಡಿ, ಮನಸ್ಸಿನಲ್ಲಿದ್ದದ್ದನ್ನು ಅವರಿಗೇ ಹೇಳಿ” ಎಂದೆ. ಗಂಡ ಈಗಲೂ ಕದ್ದು ಸೇದುತ್ತಾರಂತೆ. ಹೊಗೆ ನಿಲ್ಲದಿದ್ದರೆ ಗಾಯ ಮಾಯುವುದು ತಡ, ವಿಕಿರಣದ ಫಲವೂ ಕಡಿಮೆ. ಇವತ್ತಿನಿಂದಲೇ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ ಎಂದೆ.

ತಂದೆ, ಮಗ ಮತ್ತೆ ಒಳಗೆ ಬಂದ ಮೇಲೆ, ಶಸ್ತ್ರಚಿಕಿತ್ಸೆಗೆ ಮೊದಲೇ ವಾಕ್ ಚಿಕಿತ್ಸಕರನ್ನೂ, ಇದೇ ಆಪರೇಷನ್ ಆಗಿ ಮಾತಾಡುತ್ತಿರುವ ಒಬ್ಬರನ್ನೂ ಭೇಟಿಯಾಗಲು ಹೇಳಿದೆ. ಅನ್ನನಾಳದಿಂದ ಸ್ವರ ಹೊರಡಿಸುವುದು, ಗಂಟಲಿಗೆ ಒತ್ತಿ ಹಿಡಿಯುವ ಯಂತ್ರ, ಒಳಗೆ ಕೂರಿಸುವ ಪುಟ್ಟ ಕವಾಟ, ಹೀಗೆ ಮೂರು ದಾರಿ ಉಂಟು. ಏಲಮಿನ ಆ ಕೂಗು ಮಾತ್ರ ಮರಳುವುದಿಲ್ಲ. ಅದನ್ನೂ ಹೇಳಿದೆ.

“ಬೋಟು?” ಎಂದು ಬರೆದರು. ಇನ್ನು ಮುಂದೆ ಉಸಿರಾಟ ಕುತ್ತಿಗೆಯ ರಂಧ್ರದಿಂದ. ನೀರಿಗೆ ಬಿದ್ದರೆ ನೇರ ಶ್ವಾಸಕೋಶಕ್ಕೆ ನೀರು. ಬೋಟು ಹತ್ತಬೇಡಿ, ದಕ್ಕೆಗೆ ಹೋಗಬಹುದು ಎಂದೆ.

ಮಗನಿಗೆ ಹೇಳಿದ್ದು ಒಂದೇ: ಅಪ್ಪ ಬರೆದು ಮುಗಿಸುವ ತನಕ ಕಾಯಬೇಕು, ಅರ್ಧಕ್ಕೆ ಊಹಿಸಿ ಉತ್ತರಿಸಬಾರದು.

ಮುಂದಿನ ವಾರ ಅವರೊಂದು ನೋಟ್ ಪುಸ್ತಕ ತಂದಿದ್ದರು. ಮೊದಲ ಪುಟದಲ್ಲಿ, ಸರ್ಜನರಿಗೆಂದು ತಾವೇ ಬರೆದಿಟ್ಟ 11 ಪ್ರಶ್ನೆಗಳು.